ಹಡಗು ನೇಪಲ್ಸ್‌ನಲ್ಲಿ ನಿಲ್ಲೋದು ಒಂದೇ ಹಗಲು: ಪೊಂಪೇಯಿಗೆ ಹೋಗೋಣವೋ, ಕಾಪ್ರಿಗೋ, ಅಮಾಲ್ಫಿಗೋ?

ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟವರು ಜಾಸ್ತಿ ತಲೆ ಕೆಡಿಸಿಕೊಳ್ಳೋದು ಇಟಲಿಯ ನೇಪಲ್ಸ್ ವಿಷಯದಲ್ಲಿ. ಬಾರ್ಸಿಲೋನಾದಲ್ಲಿ ಇಳಿದರೆ ಆ ಊರನ್ನೇ ಸುತ್ತಿದರಾಯ್ತು. ರೋಮ್ ಹತ್ತಿರದ ಬಂದರು ಚಿವಿತಾವೆಕ್ಕಿಯಾದಲ್ಲಿ ಇಳಿದವರು ರೋಮ್‌ಗೆ ಹೋಗುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ನೇಪಲ್ಸ್ ಹಾಗಲ್ಲ. ಒಂದು ಕಡೆ ಬೂದಿಯಲ್ಲಿ ಹೂತುಹೋದ ಹಳೇ ರೋಮನ್ ಊರು ಪೊಂಪೇಯಿ, ಅದೇ ದಾರಿಯಲ್ಲಿ ಹಾಗೇ ಹೂತುಹೋದ ಹರ್ಕ್ಯುಲೇನಿಯಂ, ಎರಡರ ಹಿಂದೆಯೂ ಎದ್ದು ನಿಂತಿರುವ ವೆಸುವಿಯಸ್ ಜ್ವಾಲಾಮುಖಿ. ಸಮುದ್ರದಲ್ಲಿ ಕಾಪ್ರಿ ದ್ವೀಪ, ಬೆಟ್ಟದ ಆಚೆ ಅಮಾಲ್ಫಿ ಕರಾವಳಿ. ಹಡಗಿನಿಂದ ಇಳಿದು ರಸ್ತೆ ದಾಟಿದರೆ ನೇಪಲ್ಸ್ ಊರೇ ಇದೆ. ಕೈಯಲ್ಲಿರೋದು ಮಾತ್ರ ಒಂದು ಹಗಲು.

ಹಡಗಿನವರ ಟೂರ್ ಪಟ್ಟಿ ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ‘ಪೊಂಪೇಯಿ ಮತ್ತು ವೆಸುವಿಯಸ್’, ‘ಪೊಂಪೇಯಿ ಮತ್ತು ಸೊರೆಂಟೊ’, ‘ಕಾಪ್ರಿ, ಸೊರೆಂಟೊ, ಪೊಂಪೇಯಿ ಒಂದೇ ದಿನದಲ್ಲಿ’ ಅಂತೆಲ್ಲ ಇರುತ್ತದೆ (ಸೊರೆಂಟೊ ಅಂದರೆ ಪೊಂಪೇಯಿಯ ಆಚೆ ಸಿಗುವ ಕಡಲತೀರದ ಊರು). ಅಷ್ಟು ದೂರ ಹೋಗಿದ್ದೇವೆ, ಎಲ್ಲವನ್ನೂ ನೋಡಿಬಿಡೋಣ ಅನ್ನಿಸೋದು ಸಹಜ. ಆದರೆ ಮೂರು ಜಾಗದ ಟೂರ್‌ನಲ್ಲಿ ಅರ್ಧ ದಿನ ಬಸ್ಸಲ್ಲೋ ದೋಣಿಯಲ್ಲೋ ಹೋಗಿಬಿಡುತ್ತದೆ. ಒಂದೇ ಜಾಗ ಆರಿಸಿ, ಅದನ್ನು ಸಮಾಧಾನವಾಗಿ ನೋಡಿ. ಯಾವ ಜಾಗ ಅಂತ ತೀರ್ಮಾನಿಸುವ ಮೊದಲು ನಾಲ್ಕು ಲೆಕ್ಕ ಹಾಕಬೇಕು.

ಮೊದಲು ಈ ನಾಲ್ಕು ಲೆಕ್ಕ

ಮೊದಲನೆಯದು ಸಮಯ. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಹತ್ತು ಗಂಟೆ ಸಿಕ್ಕಿತು ಅಂತ ಲೆಕ್ಕ ಹಾಕಬೇಡಿ. ಇಳಿಯೋಕೆ ಬಿಟ್ಟು, ಸಾಲು ಕರಗಿ, ಹೊರಗೆ ಬರುವಾಗ 8.30 ಆಗಿರುತ್ತದೆ. ಎಲ್ಲರೂ ಹಡಗಿನ ಒಳಗೆ ಇರಬೇಕಾದ ಸಮಯ ಹೊರಡೋದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುತ್ತದೆ. ನೀವೇ ಓಡಾಡುವುದಾದರೆ ಅದಕ್ಕಿಂತ ಇನ್ನೊಂದು ಗಂಟೆ ಮುಂಚೆ ಬಂದರು ಸೇರಿಬಿಡಬೇಕು. ಉಳಿಯೋದು ಏಳೂವರೆ, ಎಂಟು ಗಂಟೆ. ಅದರಲ್ಲಿ ಹೋಗಿಬರುವ ಸಮಯ, ಕಾಯುವ ಸಮಯ ಕಳೆಯಿರಿ. ಪೊಂಪೇಯಿಯಲ್ಲಿ ನಾಲ್ಕೂವರೆ ಗಂಟೆ ಸಿಗುತ್ತದೆ, ಹರ್ಕ್ಯುಲೇನಿಯಂನಲ್ಲಿ ಐದು, ಕಾಪ್ರಿಯಲ್ಲಿ ನಾಲ್ಕು, ಅಮಾಲ್ಫಿಯಲ್ಲಿ ಮೂರು. ನೇಪಲ್ಸ್ ಊರಲ್ಲೇ ಇದ್ದರೆ ಅಷ್ಟೂ ಸಮಯ ನಿಮ್ಮದೇ. ನಿಮ್ಮ ಹಡಗು ಮಧ್ಯಾಹ್ನ ಬರುವುದಾದರೆ ಕಾಪ್ರಿ, ಅಮಾಲ್ಫಿ ಎರಡನ್ನೂ ಈಗಲೇ ಮರೆತುಬಿಡಿ.

ಎರಡನೆಯದು ವಾಪಸ್ ಬರುವ ದಾರಿ. ನನ್ನ ಮಟ್ಟಿಗೆ ಇದೇ ಮುಖ್ಯ. ಹಡಗಿನ ಕಂಪನಿಯ ಟೂರ್‌ನಲ್ಲಿ ಹೋದವರು ತಡವಾಗಿ ಬಂದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ನೀವಾಗಿ ಹೋಗಿ ತಡವಾದರೆ ಹಡಗು ಹೊರಟುಹೋಗುತ್ತದೆ. ಮುಂದಿನ ಬಂದರಿನ ಟಿಕೆಟ್ಟು, ರಾತ್ರಿ ಉಳಿಯುವ ಖರ್ಚು ಎಲ್ಲ ನಿಮ್ಮದೇ. ಬಟ್ಟೆ, ಔಷಧಿ ಎಲ್ಲ ಹಡಗಲ್ಲೇ ಉಳಿದಿರುತ್ತವೆ. ಹಡಗಿನ ಟೂರ್‌ಗೆ ಕೊಡುವ ಹೆಚ್ಚಿನ ದುಡ್ಡು ಹೆಚ್ಚಿನಂಶ ಈ ಭರವಸೆಗೇ. ಹಾಗಾಗಿ ನಾನು ಹೇಳೋದು ಇಷ್ಟು: ವಾಪಸ್ ಬರುವ ದಾರಿ ಗಾಳಿ, ಅಲೆ, ಟ್ರಾಫಿಕ್ ಇವುಗಳ ಕೈಯಲ್ಲಿದ್ದರೆ ಹಡಗಿನ ಟೂರ್ ಕೊಳ್ಳಿ. ಒಂದು ರೈಲು ತಪ್ಪಿದರೆ ಇನ್ನೊಂದು ಇದೆ, ಅದೂ ಇಲ್ಲದಿದ್ದರೆ ಟ್ಯಾಕ್ಸಿ ಇದೆ ಅನ್ನುವ ಕಡೆಗೆ ನೀವೇ ಹೋಗಿ.

ಮೂರನೆಯದು ಕಾಲು ಮತ್ತು ಬಿಸಿಲು. ನಮ್ಮಲ್ಲಿ ಕ್ರೂಸ್ ಅಂದರೆ ಅಪ್ಪ ಅಮ್ಮ, ಮಕ್ಕಳು ಎಲ್ಲ ಒಟ್ಟಿಗೆ ಹೊರಡುತ್ತಾರೆ. ರಜೆ ಸಿಗೋದು ಬೇಸಿಗೆಯಲ್ಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಮಂಡಿ ಒಪ್ಪುವ ಜಾಗವನ್ನೇ ಆರಿಸಬೇಕು.

ನಾಲ್ಕನೆಯದು ದುಡ್ಡು. ಇದನ್ನು ತಲೆ ಲೆಕ್ಕದಲ್ಲಲ್ಲ, ಮನೆ ಲೆಕ್ಕದಲ್ಲಿ ಹಾಕಿ. ಇಟಲಿಯ ಸರ್ಕಾರಿ ಮ್ಯೂಸಿಯಂ ಮತ್ತು ಪುರಾತನ ತಾಣಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಹಡಗಿನ ಟೂರ್‌ನಲ್ಲಿ ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಸಿಗಬಹುದು, ಪೂರ್ತಿ ಬಿಡುವುದಿಲ್ಲ. ಪೊಂಪೇಯಿಗೆ ಹಡಗಿನ ಅರ್ಧ ದಿನದ ಟೂರ್ ತಲೆಗೆ 80 ಯೂರೋ ಅಂದುಕೊಂಡರೆ, ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ 300 ಯೂರೋ ಹತ್ತಿರ ಬರುತ್ತದೆ. ಅದೇ ಕುಟುಂಬ ರೈಲಿನಲ್ಲಿ ಹೋಗಿ ಇಬ್ಬರಿಗೆ ಮಾತ್ರ ಟಿಕೆಟ್ ಕೊಂಡರೆ 70 ಯೂರೋ ಆಸುಪಾಸಿನಲ್ಲಿ ಮುಗಿಯುತ್ತದೆ. ಯೂರೋಗೆ 100 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ದಿನಕ್ಕೆ 20,000 ರೂಪಾಯಿ ಮೇಲೆ ಉಳಿಯಿತು.

ಪೊಂಪೇಯಿ

ಮೊದಲ ಸಲ ಹೋಗುವವರಿಗೆ, ನಡೆಯಬಲ್ಲವರಿಗೆ ನನ್ನ ಓಟು ಪೊಂಪೇಯಿಗೇ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಬೂದಿಯಲ್ಲಿ ಹೂತುಹೋದ ಊರು ಅಂತ ಎಲ್ಲರಿಗೂ ಗೊತ್ತು. ಅದು ಎಷ್ಟು ದೊಡ್ಡದು ಅನ್ನೋದು ಹೋದ ಮೇಲೆಯೇ ತಿಳಿಯೋದು. ಒಟ್ಟು 66 ಹೆಕ್ಟೇರ್, ಅದರಲ್ಲಿ ಮೂರನೇ ಎರಡರಷ್ಟನ್ನು ಅಗೆದು ತೆಗೆದಿದ್ದಾರೆ. ಬೇಸಿಗೆಯ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ನಡೆದವರಿಗೆ ಪೊಂಪೇಯಿಯ ಬಿಸಿಲು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೆರಳು ಬಹಳ ಕಡಿಮೆ. ಟೋಪಿ, ನೀರಿನ ಬಾಟಲಿ ಬೇಕು. ಕಾಲಿಗೆ ಚಪ್ಪಲಿ ಸಾಲದು, ಗಟ್ಟಿ ಶೂ ಬೇಕು. ಕುಡಿಯುವ ನೀರಿನ ನಲ್ಲಿಗಳು ಒಳಗೆ ಇವೆ.

ಕಣ್ಣಿಗೆ ಬೀಳುವ ದೊಡ್ಡ ದೊಡ್ಡ ಕಟ್ಟಡಗಳಿಗಿಂತ ನನಗೆ ಇಲ್ಲಿಯ ರಸ್ತೆಗಳು ಇಷ್ಟ. ದಪ್ಪ ಲಾವಾ ಕಲ್ಲು ಹಾಸಿದ ಬೀದಿ, ಎರಡೂ ಕಡೆ ಎತ್ತರದ ಕಾಲುದಾರಿ. ಮಧ್ಯೆ ಮಧ್ಯೆ ರಸ್ತೆಗೆ ಅಡ್ಡಲಾಗಿ ಮೂರು ನಾಲ್ಕು ದಿಂಡುಗಲ್ಲು ನೆಟ್ಟಿದ್ದಾರೆ. ಬೀದಿಯಲ್ಲಿ ನೀರು, ಕೊಳಕು ಹರಿಯುವಾಗ ಜನ ಆ ಕಲ್ಲುಗಳ ಮೇಲೆ ಕಾಲಿಟ್ಟು ದಾಟುತ್ತಿದ್ದರು. ಗಾಡಿಯ ಚಕ್ರಗಳು ಕಲ್ಲುಗಳ ಸಂದಿಯಲ್ಲಿ ತೂರಿ ಹೋಗುತ್ತಿದ್ದವು. ಆ ಚಕ್ರಗಳು ಸವೆಸಿದ ಗಾಡಿಜಾಡು ಕಲ್ಲಿನ ಮೇಲೆ ಇವತ್ತಿಗೂ ಆಳವಾಗಿ ಉಳಿದಿದೆ, ಬೆರಳಿಟ್ಟು ನೋಡಬಹುದು. ಬೇಕರಿಗಳಲ್ಲಿ ಕತ್ತೆ ಕಟ್ಟಿ ತಿರುಗಿಸುತ್ತಿದ್ದ ದೊಡ್ಡ ಬೀಸುವ ಕಲ್ಲುಗಳಿವೆ, ಪಕ್ಕದಲ್ಲೇ ಇಟ್ಟಿಗೆಯ ಒಲೆ. ಬೀದಿ ಬದಿಯ ಹೋಟೆಲ್ಲುಗಳ ಕಟ್ಟೆಯಲ್ಲಿ ತಿನ್ನುವ ಪದಾರ್ಥ ಇಡುವ ಮಣ್ಣಿನ ಮಡಕೆ ಹೂಡಿದ ಗುಂಡಿಗಳಿವೆ. ಮಕ್ಕಳಿಗೆ ಇದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹೋಗುವ ದಾರಿ ಹೀಗೆ. ಬಂದರಿನಿಂದ ಹತ್ತು ನಿಮಿಷದೊಳಗೆ ಮುನಿಚಿಪಿಯೊ ಮೆಟ್ರೋ ನಿಲ್ದಾಣ. ಅಲ್ಲಿಂದ ಗರಿಬಾಲ್ಡಿಗೆ ಹೋಗಿ ಸಿರ್ಕುಮ್‌ವೆಸುವಿಯಾನಾ ಲೋಕಲ್ ರೈಲು ಹಿಡಿಯಬೇಕು. ಸೊರೆಂಟೊ ಕಡೆಗೆ ಹೋಗುವ ರೈಲು, ಇಳಿಯುವ ನಿಲ್ದಾಣ ‘ಪೊಂಪೇಯಿ ಸ್ಕಾವಿ’. ಸುಮಾರು 40 ನಿಮಿಷ, ಮೂರು ನಾಲ್ಕು ಯೂರೋ. ನಿಲ್ದಾಣದ ಎದುರಿಗೇ ಗೇಟು. ರೈಲು ಹಳೆಯದು, ಬೇಸಿಗೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಜೇಬುಗಳ್ಳರ ಕಾಟ ಇದೆ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಸೀಟು ಬೇಕಾದರೆ ಗರಿಬಾಲ್ಡಿಗಿಂತ ಒಂದು ನಿಲ್ದಾಣ ಹಿಂದಿರುವ ಪೋರ್ಟಾ ನೊಲಾನಾಕ್ಕೆ ಹೋಗಿ ಹತ್ತಿ, ರೈಲು ಹೊರಡೋದೇ ಅಲ್ಲಿಂದ. ಈ ರೈಲು ಕೆಟ್ಟರೂ ಮುಷ್ಕರ ಆದರೂ ಸರ್ಕಾರಿ ರೈಲ್ವೆಯ ಇನ್ನೊಂದು ಮಾರ್ಗ ಹೊಸ ಪೊಂಪೇಯಿ ಊರಿಗೆ ಹೋಗುತ್ತದೆ. ಟ್ಯಾಕ್ಸಿಯಂತೂ ಇದ್ದೇ ಇದೆ. ವಾಪಸ್ ಬರಲು ಮೂರು ದಾರಿ ಇರುವ ಜಾಗಕ್ಕೆ ಹಡಗಿನ ಭರವಸೆಯನ್ನು ದುಬಾರಿ ಬೆಲೆಗೆ ಕೊಳ್ಳೋದು ನನಗೆ ಸರಿ ಅನ್ನಿಸುವುದಿಲ್ಲ.

ಒಂದು ಮಾತು ಮಾತ್ರ ಹಡಗಿನ ಟೂರ್ ಪರವಾಗಿ ಹೇಳಬೇಕು. ಗೈಡ್ ಇಲ್ಲದೆ ಪೊಂಪೇಯಿ ಸುತ್ತಿದರೆ ಅರ್ಧ ಗಂಟೆಯಲ್ಲಿ ಎಲ್ಲ ಗೋಡೆಯೂ ಒಂದೇ ಥರ ಕಾಣತೊಡಗುತ್ತದೆ. ಟೂರ್‌ನಲ್ಲಿ ಗೈಡ್ ಸೇರಿರುತ್ತಾರೆ. ನೀವೇ ಹೋದರೆ ಆ ಉಳಿಸಿದ ದುಡ್ಡಿನಲ್ಲಿ ಸ್ವಲ್ಪವನ್ನು ಪರವಾನಗಿ ಇರುವ ಗೈಡ್‌ಗೆ ಕೊಡಿ, ಎರಡು ಗಂಟೆ ಸಾಕು. ಆಮೇಲೆ ಸುಮ್ನೆ ನಿಮ್ಮಷ್ಟಕ್ಕೆ ಅಲೆಯಿರಿ. ಹಡಗಿನ ಅರ್ಧ ದಿನದ ಟೂರ್‌ಗಳಲ್ಲಿ ಆ ಅಲೆಯುವ ಸಮಯವೇ ಸಿಗೋದಿಲ್ಲ. ಎರಡು ಗಂಟೆ ತೋರಿಸಿ, ಹೊರಗೆ ಅಂಗಡಿಗೆ ಕರೆದುಕೊಂಡು ಹೋಗಿ, ಬಸ್ಸು ಹತ್ತಿಸುವುದು ಸಾಮಾನ್ಯ.

ಅಪ್ಪ ಅಮ್ಮನಿಗೆ ಮೆಟ್ಟಿಲು, ಏರುಪೇರು ಕಲ್ಲು ಕಷ್ಟವಾದರೆ ಆಂಫಿಥಿಯೇಟರ್ ಕಡೆಯ ಗೇಟಿನಿಂದ ಒಳಗೆ ಹೋಗಿ. ಗಾಲಿಕುರ್ಚಿಗೂ ಆಗುವಂತೆ ಮೂರು ಕಿಲೋಮೀಟರಿಗಿಂತ ಉದ್ದದ ಸಮತಟ್ಟು ಹಾದಿ ಮಾಡಿದ್ದಾರೆ.

ಹರ್ಕ್ಯುಲೇನಿಯಂ

ಪೊಂಪೇಯಿಯ ಹೆಸರಿನ ಎದುರು ಇದನ್ನು ಯಾರೂ ಕೇಳೋದಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಮೊದಲು ಹೇಳುವ ಹೆಸರೇ ಇದು. ಅದೇ ರೈಲು, ಅದೇ ಮಾರ್ಗ, 20 ನಿಮಿಷಕ್ಕೆ ‘ಎರ್ಕೊಲಾನೊ ಸ್ಕಾವಿ’ಯಲ್ಲಿ ಇಳಿದು ಹತ್ತು ನಿಮಿಷ ಇಳಿಜಾರಿನಲ್ಲಿ ನಡೆದರೆ ಸಿಗುತ್ತದೆ. ಬರುವಾಗ ಅಷ್ಟೂ ಏರು ಅನ್ನೋದು ನೆನಪಿರಲಿ.

ಪೊಂಪೇಯಿಯ ಮೇಲೆ ಮೊದಲು ಸುರಿದದ್ದು ಹಗುರ ಕಲ್ಲು ಮತ್ತು ಬೂದಿ. ಅದರ ಭಾರಕ್ಕೆ ಚಾವಣಿಗಳು ಕುಸಿದವು. ಹರ್ಕ್ಯುಲೇನಿಯಂ ಅನ್ನು ಮುಚ್ಚಿದ್ದು ಬೆಟ್ಟದಿಂದ ನುಗ್ಗಿ ಬಂದ ಕುದಿಯುವ ಬೂದಿ-ಅನಿಲದ ಪ್ರವಾಹ. 20 ಮೀಟರ್‌ವರೆಗೂ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಯಿತು. ಅದರಿಂದಲೇ ಇಲ್ಲಿ ಮರ ಸುಟ್ಟು ಇದ್ದಿಲಾದರೂ ಆಕಾರ ಉಳಿದಿದೆ. ಬಾಗಿಲು, ತೊಲೆ, ಮಹಡಿ ಎಲ್ಲ ಇದೆ. ಒಂದು ಮನೆಯಲ್ಲಿ ನಡುಮನೆಗೆ ಅಡ್ಡ ಹಾಕಿದ ಮರದ ಮಡಿಸುವ ಪರದೆ ಹಾಗೇ ನಿಂತಿದೆ. ಕೆಳಗೆ, ಆಗಿನ ಸಮುದ್ರ ತೀರದಲ್ಲಿ, ದೋಣಿ ಇಡುವ ಕಮಾನುಗಳ ಒಳಗೆ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕವು. ಬಚಾವಾಗಲು ಓಡಿ ಬಂದು ಅಲ್ಲಿ ಒತ್ತಿಕೊಂಡು ಕೂತವರು. ಚಿಕ್ಕ ಮಕ್ಕಳು ಜೊತೆಗಿದ್ದರೆ ಆ ಕಮಾನುಗಳನ್ನು ತೋರಿಸಬೇಕೋ ಬೇಡವೋ ಅಂತ ಮೊದಲೇ ಯೋಚಿಸಿ.

ತೆರೆದಿರುವ ಜಾಗ ಚಿಕ್ಕದು, ಎರಡರಿಂದ ಎರಡೂವರೆ ಗಂಟೆಯಲ್ಲಿ ಚೆನ್ನಾಗಿ ನೋಡಬಹುದು. ಜನ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ನೇಪಲ್ಸ್‌ಗೆ ವಾಪಸ್ ಬಂದು ಪಿಜ್ಜಾ ತಿಂದು ಊರೂ ನೋಡಬಹುದು. ಪೊಂಪೇಯಿಯ ವೈಶಾಲ್ಯ, ಅಲ್ಲಿಯ ದೊಡ್ಡ ಚೌಕದ ಹಿಂದೆ ವೆಸುವಿಯಸ್ ಕಾಣುವ ನೋಟ ಇಲ್ಲಿ ಇಲ್ಲ. ಅದು ಬೇಕು ಅಂತ ಮನಸ್ಸಿದ್ದರೆ ಇಲ್ಲಿಗೆ ಬಂದು ಕೊರಗಬೇಡಿ.

ವೆಸುವಿಯಸ್ ಬೆಟ್ಟದ ಬಗ್ಗೆ ಎರಡೇ ಮಾತು. ಎತ್ತರ 1,281 ಮೀಟರ್, ಬಸ್ಸು ಸುಮಾರು 1,000 ಮೀಟರ್‌ವರೆಗೆ ಹೋಗುತ್ತದೆ, ಉಳಿದದ್ದು ಜಲ್ಲಿ ಹಾದಿಯಲ್ಲಿ ಅರ್ಧ ಗಂಟೆಯ ಏರು. ಕೊನೆಯ ಸಲ ಸಿಡಿದದ್ದು 1944ರಲ್ಲಿ. ಹವಾಮಾನ ಕೆಟ್ಟರೆ ಮುಚ್ಚುತ್ತಾರೆ, ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಕೊಂಡಿರಬೇಕು. ಚಾರಣ ಇಷ್ಟಪಡುವ ಹುಡುಗರಿದ್ದರೆ ಹರ್ಕ್ಯುಲೇನಿಯಂ ಜೊತೆ ಸೇರಿಸಬಹುದು. ಪೊಂಪೇಯಿ ಜೊತೆ ಸೇರಿಸಿದರೆ ಎರಡೂ ಅರೆಬರೆ.

ಕಾಪ್ರಿ

ಕಾಪ್ರಿಗೆ ದೋಣಿ ಹೊರಡುವ ಮೋಲೊ ಬೆವೆರೆಲ್ಲೊ ಜೆಟ್ಟಿ ನಿಮ್ಮ ಹಡಗು ನಿಂತ ಜಾಗದ ಪಕ್ಕದಲ್ಲೇ ಇದೆ. 50 ನಿಮಿಷದ ಪ್ರಯಾಣ. ಇಷ್ಟು ಸುಲಭ ಕಾಣುವುದರಿಂದಲೇ ತುಂಬಾ ಜನ ತಾವೇ ಹೋಗುತ್ತಾರೆ. ಆದರೆ ಗಾಳಿ ಎದ್ದರೆ ವೇಗದ ದೋಣಿಗಳನ್ನು ನಿಲ್ಲಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ವಾಪಸ್ ದೋಣಿಗಳು ಭರ್ತಿಯಾಗುತ್ತವೆ. ದ್ವೀಪದಲ್ಲಿ ಸಿಕ್ಕಿಕೊಂಡರೆ ಟ್ಯಾಕ್ಸಿ ಹತ್ತಿ ಬರಲು ಆಗೋದಿಲ್ಲ. ಹೋಗಿಬರುವ ದೋಣಿಗೇ ತಲೆಗೆ 45–50 ಯೂರೋ ಆಗುವುದರಿಂದ ಹಡಗಿನ ಟೂರ್‌ಗೂ ಇದಕ್ಕೂ ಇರುವ ಅಂತರ ಪೊಂಪೇಯಿಯಷ್ಟು ದೊಡ್ಡದೂ ಅಲ್ಲ. ಇಲ್ಲಿ ಹಡಗಿನವರ ಜೊತೆ ಹೋಗೋದೇ ವಾಸಿ. ಒಬ್ಬರೇ ಹೋಗುವ ಹುಮ್ಮಸ್ಸಿದ್ದರೆ ಬೆಳಿಗ್ಗೆಯೇ ವಾಪಸ್ ಟಿಕೆಟ್ ಕೊಂಡು, ಬೇಕಾದ ದೋಣಿಗಿಂತ ಎರಡು ಮುಂಚಿನ ದೋಣಿ ಹಿಡಿಯಿರಿ.

ಎಲ್ಲರೂ ಕೇಳೋದು ನೀಲಿ ಗುಹೆಯನ್ನು. ಅದರ ಬಾಯಿ ನೀರಿನಿಂದ ಒಂದು ಮೀಟರ್ ಎತ್ತರ ಅಷ್ಟೇ, ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ ಒಳಗೆ ಹೋಗಬೇಕು. ಅಲೆ ಸ್ವಲ್ಪ ಎದ್ದರೂ ಮುಚ್ಚುತ್ತಾರೆ, ತೆರೆದಿದ್ದರೆ ಸಾಲು ಉದ್ದ. ನಾಲ್ಕು ಗಂಟೆಯಲ್ಲಿ ಅದಕ್ಕೇ ಎರಡು ಗಂಟೆ ಹೋಗಬಹುದು. ಅದರ ಬದಲು ದ್ವೀಪದ ಮೇಲ್ಭಾಗದ ಊರು ಅನಾಕಾಪ್ರಿಗೆ ಹೋಗಿ ಮೊಂಟೆ ಸೊಲಾರೊ ಕುರ್ಚಿ ರೋಪ್‌ವೇ ಹತ್ತಿ. ಒಬ್ಬೊಬ್ಬರೇ ಕೂರುವ ಕುರ್ಚಿ, ಕಾಲ ಕೆಳಗೆ ತೋಟಗಳು, 13 ನಿಮಿಷದಲ್ಲಿ 589 ಮೀಟರ್ ಎತ್ತರ. ಅಲ್ಲಿಂದ ಸಮುದ್ರದಲ್ಲಿ ಎದ್ದುನಿಂತ ಫರಾಲ್ಯೋನಿ ಬಂಡೆಗಳು ಪೂರ್ತಿ ಕಾಣುತ್ತವೆ. ಹೊಸದಾಗಿ ಮದುವೆಯಾದವರಿಗೆ, ಹಳೇ ಕಲ್ಲು ನೋಡಲು ಆಸಕ್ತಿ ಇಲ್ಲದವರಿಗೆ ಕಾಪ್ರಿ ಸರಿ. ಮನೆಮಂದಿಯೆಲ್ಲ ಹೋಗುವುದಾದರೆ ಖರ್ಚು ಜಾಸ್ತಿ, ಸಾಲುಗಳೂ ಜಾಸ್ತಿ.

ಅಮಾಲ್ಫಿ ಕರಾವಳಿ

ಫೋಟೋದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇದು. ಬೆಟ್ಟಕ್ಕೆ ಅಂಟಿದ ಬಣ್ಣದ ಮನೆಗಳು, ಕೆಳಗೆ ಸಮುದ್ರ. ಒಂದು ದಿನದ ನಿಲುಗಡೆಗೆ ನಾನು ಇದನ್ನು ಕೊನೆಗೆ ಇಡುತ್ತೇನೆ. ಒಂದು ಕಡೆಗೆ ಒಂದೂವರೆಯಿಂದ ಎರಡು ಗಂಟೆ, ಒಂದೇ ಕಿರಿದಾದ ರಸ್ತೆ, ತಿರುವಿನ ಮೇಲೆ ತಿರುವು. ಬಸ್ಸಲ್ಲಿ ವಾಂತಿ ಬರುವವರಿಗೆ ಇದು ಬೇಡವೇ ಬೇಡ. ದೊಡ್ಡ ಬಸ್ಸುಗಳು ಪೊಸಿತಾನೊ ಊರೊಳಗೆ ಹೋಗೋದಿಲ್ಲ, ಹಾಗಾಗಿ ಎಷ್ಟೋ ಟೂರ್‌ಗಳಲ್ಲಿ ಮೇಲಿನ ರಸ್ತೆಯಲ್ಲಿ ಫೋಟೋಗೆ ನಿಲ್ಲಿಸಿ ಮುಂದೆ ಹೊರಡುತ್ತಾರೆ. ‘ಪೊಸಿತಾನೊ ದರ್ಶನ’ ಅಂತ ಬರೆದಿದ್ದರೆ ಊರೊಳಗೆ ಇಳಿಸುತ್ತಾರಾ, ಎಷ್ಟು ಹೊತ್ತು ಅಂತ ಕೇಳಿ ತಿಳಿದುಕೊಂಡೇ ದುಡ್ಡು ಕೊಡಿ.

ಆದರೂ ಇದೇ ಬೇಕು ಅನ್ನುವವರು ಎಂಟು ಜನ ಇದ್ದರೆ ಚಾಲಕನ ಸಮೇತ ವ್ಯಾನ್ ಗೊತ್ತುಮಾಡಿಕೊಳ್ಳಬಹುದು. ಒಟ್ಟು ಬೆಲೆ ಕೆಲವು ನೂರು ಯೂರೋ ಆದರೂ ಹಂಚಿದರೆ ಹಡಗಿನ ಟೂರ್ ಮಟ್ಟಕ್ಕೇ ಬರುತ್ತದೆ, ಚಿಕ್ಕ ಗಾಡಿ ಊರಿನ ಹತ್ತಿರಕ್ಕೂ ಹೋಗುತ್ತದೆ. ಇಬ್ಬರೇ ಇದ್ದರೆ ಹಡಗಿನ ಟೂರ್ ಸಾಕು. ಬಸ್ಸು, ರೈಲು ಬದಲಿಸಿಕೊಂಡು ನೀವೇ ಹೋಗುವ ಸಾಹಸ ಮಾತ್ರ ಹಡಗು ಕಾಯುತ್ತಿರುವ ದಿನ ಬೇಡ. ಕೆಲವು ಹಡಗುಗಳು ನೇಪಲ್ಸ್ ಬದಲು ಸಲೆರ್ನೊದಲ್ಲಿ ನಿಲ್ಲುತ್ತವೆ. ನಿಮ್ಮದು ಹಾಗಿದ್ದರೆ ಮಾತೇ ಬೇರೆ, ಅಲ್ಲಿಂದ ಅಮಾಲ್ಫಿಗೆ ದೋಣಿಯಲ್ಲಿ ಮುಕ್ಕಾಲು ಗಂಟೆಯೂ ಆಗೋದಿಲ್ಲ.

ಎಲ್ಲೂ ಹೋಗದೆ ನೇಪಲ್ಸ್‌ನಲ್ಲೇ ಇರೋದು

ಇದನ್ನು ತುಂಬಾ ಜನ ‘ಏನೂ ಸಿಗದಿದ್ದರೆ’ ಅಂತ ಇಟ್ಟುಕೊಂಡಿರುತ್ತಾರೆ. ಹಾಗೆ ಮಾಡಬೇಡಿ. ಹಳೇ ಊರಿನ ಉದ್ದಕ್ಕೂ ಸೀಳಿಕೊಂಡು ಹೋಗುವ ಸ್ಪಾಕ್ಕನಾಪೊಲಿ ಬೀದಿ, ಕ್ರಿಸ್ತ ಜನನದ ಬೊಂಬೆ ಮಾಡುವವರ ಓಣಿ, ಸನ್ಸೆವೆರೊ ಪ್ರಾರ್ಥನಾಲಯದಲ್ಲಿ 1753ರಲ್ಲಿ ಸನ್‌ಮಾರ್ತಿನೊ ಎಂಬ ಶಿಲ್ಪಿ ಕಡೆದ ‘ಮುಸುಕಿನ ಕ್ರಿಸ್ತ’. ಅಮೃತಶಿಲೆಯಲ್ಲೇ ತೆಳು ಬಟ್ಟೆ ಹೊದಿಸಿದ್ದಾನೆ, ಬಟ್ಟೆಯ ಅಡಿಯಲ್ಲಿ ಹಣೆಯ ನರ ಕಾಣುತ್ತದೆ.

ಪುರಾತತ್ವ ಮ್ಯೂಸಿಯಂ ನಮಗೆ ಇನ್ನೊಂದು ಕಾರಣಕ್ಕೆ ಹತ್ತಿರ. ಪೊಂಪೇಯಿಯ ಒಳ್ಳೊಳ್ಳೆ ಚಿತ್ರ, ಮೊಸಾಯಿಕ್ ಎಲ್ಲ ಇರೋದು ಇಲ್ಲಿ. ಅವುಗಳ ಜೊತೆ 1938ರಲ್ಲಿ ಪೊಂಪೇಯಿಯ ಒಂದು ಮನೆಯಲ್ಲಿ ಸಿಕ್ಕ ಭಾರತದ ದಂತದ ಬೊಂಬೆಯೂ ಇದೆ. ಒಂದು ಗೇಣಿನಷ್ಟು ಎತ್ತರ, ಮೈತುಂಬ ಆಭರಣ, ಅಕ್ಕಪಕ್ಕ ಇಬ್ಬರು ಸಖಿಯರು. ‘ಪೊಂಪೇಯಿ ಲಕ್ಷ್ಮಿ’ ಅಂತ ಹೆಸರಾಗಿದ್ದರೂ ಯಕ್ಷಿ ಇರಬೇಕು ಅನ್ನುವವರು ಜಾಸ್ತಿ. ನಮ್ಮ ಕಡೆಯ ಮೆಣಸು ರೋಮ್‌ಗೆ ಹೋಗುತ್ತಿದ್ದ ಕಾಲ ಅದು. ವೆಸುವಿಯಸ್‌ನ ಅದೇ ಸ್ಫೋಟದಲ್ಲಿ ಸತ್ತ ರೋಮನ್ ಬರಹಗಾರ ಹಿರಿಯ ಪ್ಲಿನಿ, ಭಾರತದ ವ್ಯಾಪಾರಕ್ಕೆ ರೋಮ್‌ನ ಹಣ ಸೋರಿಹೋಗುತ್ತಿದೆ ಅಂತ ದೂರಿದ್ದ. ಪಶ್ಚಿಮ ಕರಾವಳಿಯ ನಿತ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ ಅಂತಲೂ ಬರೆದಿದ್ದ. ಅದು ನೇತ್ರಾವತಿಯ ದಡದ ಮಂಗಳೂರು ಇರಬೇಕು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ಬೊಂಬೆ ಇರುವುದು ಪೊಂಪೇಯಿಯ ಶೃಂಗಾರ ಚಿತ್ರಗಳ ಪ್ರತ್ಯೇಕ ಕೋಣೆಯಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಗೊತ್ತಿರಲಿ. ಮ್ಯೂಸಿಯಂ, ಸನ್ಸೆವೆರೊ ಎರಡಕ್ಕೂ ಮಂಗಳವಾರ ರಜೆ. ನಿಮ್ಮ ಹಡಗು ಮಂಗಳವಾರ ಬಂದರೆ ನೇಪಲ್ಸ್ ಊರಿನ ತೂಕ ಅರ್ಧಕ್ಕೆ ಇಳಿಯಿತು, ಹರ್ಕ್ಯುಲೇನಿಯಂ ನೋಡಿ.

ಸಸ್ಯಾಹಾರಿಗಳಿಗೂ ಈ ಊರೇ ಅನುಕೂಲ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸೂ ಇಲ್ಲ. ಆದರೆ ಸ್ಫೊಲ್ಯಾತೆಲ್ಲಾ ಎಂಬ ಪದರದ ಸಿಹಿತಿಂಡಿಯನ್ನು ಹಳೇ ಕ್ರಮದಲ್ಲಿ ಹಂದಿ ಕೊಬ್ಬು ಹಾಕಿಯೇ ಮಾಡುತ್ತಾರೆ. ಕರಿದ ಪಿಜ್ಜಾದ ಒಳಗೂ ಹಂದಿ ಮಾಂಸದ ಚೂರು ಇರಬಹುದು. ಕೇಳಿಯೇ ತಿನ್ನಿ.

ಯಾವುದನ್ನು ಈಗಲೇ ಕೊಳ್ಳಬೇಕು

ಪೊಂಪೇಯಿಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರು ಇರುತ್ತದೆ. ಹಾಗಾಗಿ ಆನ್‌ಲೈನ್‌ನಲ್ಲಿ ಮೊದಲೇ ಕೊಂಡು, ಗುರುತಿನ ಚೀಟಿ ಜೊತೆಗಿಡಿ. ಪಾಸ್‌ಪೋರ್ಟ್ ಹಡಗಿನವರ ಹತ್ತಿರ ಇದ್ದರೆ ಪ್ರತಿ ಮಾಡಿಸಿಟ್ಟುಕೊಳ್ಳಿ. ಮಕ್ಕಳ ಉಚಿತ ಟಿಕೆಟನ್ನೂ ಮರೆಯಬೇಡಿ. ಮುಸುಕಿನ ಕ್ರಿಸ್ತನ ಟಿಕೆಟ್ ವಾರಗಟ್ಟಲೆ ಮೊದಲೇ ಮುಗಿಯುತ್ತದೆ. ಹರ್ಕ್ಯುಲೇನಿಯಂ ಮತ್ತು ಮ್ಯೂಸಿಯಂ ಅಷ್ಟು ಬಿಗಿ ಇಲ್ಲ, ಬೆಳಿಗ್ಗೆ ಎದ್ದು ಬಿಸಿಲು, ಮೈಯ ಆಯಾಸ ನೋಡಿಕೊಂಡು ತೀರ್ಮಾನಿಸಬಹುದು. ಟ್ಯಾಕ್ಸಿಗೆ ಕೆಲವು ಜಾಗಗಳಿಗೆ ಗೊತ್ತುಪಡಿಸಿದ ದರ ಇದೆ. ಹತ್ತುವ ಮೊದಲೇ ‘ತಾರಿಫಾ ಪ್ರೆದೆತೆರ್ಮಿನಾತಾ’ ಅಂತ ಕೇಳಿ, ಮೀಟರ್ ಓಡತೊಡಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹವಾಮಾನ ಕೆಟ್ಟು ಹಡಗು ನೇಪಲ್ಸ್‌ನಲ್ಲಿ ನಿಲ್ಲದೆ ಮುಂದೆ ಹೋಗುವುದೂ ಉಂಟು. ಆಗ ಹಡಗಿನ ಟೂರ್ ದುಡ್ಡು ವಾಪಸ್ ಬರುತ್ತದೆ, ನೀವಾಗಿ ಕೊಂಡದ್ದು ಬರಬೇಕೆಂದಿಲ್ಲ. ಇಬ್ಬರ ಪೊಂಪೇಯಿ ಟಿಕೆಟ್ ಹೋದರೆ 40 ಯೂರೋ ಆಸುಪಾಸು, ತಡೆದುಕೊಳ್ಳಬಹುದು. ಅಮಾಲ್ಫಿಗೆ ವ್ಯಾನ್ ಗೊತ್ತುಮಾಡುವುದಾದರೆ ‘ಹಡಗು ಬರದಿದ್ದರೆ ಪೂರ್ತಿ ದುಡ್ಡು ವಾಪಸ್’ ಅಂತ ಬರಹದಲ್ಲಿ ಕೊಡುವವರಿಗೆ ಮಾತ್ರ ಮುಂಗಡ ಕೊಡಿ.